ನಿಮ್ಮ ಗೂಟ ಯಾವುದು? ಹಳೆ ಲ್ಯಾಪ್‌ಟಾಪ್, ಹೊಸ ಓಎಸ್, ಕೈಯಲ್ಲಿ ಹಿಡಿಯುವ ಯಂತ್ರ: ಯಾರಿಗೆ ಯಾವುದು

2025ರ ದೀಪಾವಳಿಗೆ ಅರಸೀಕೆರೆಯಿಂದ ಬಂದ ಭಾವ ಸಿಹಿ ಡಬ್ಬದ ಜೊತೆಗೆ ಲ್ಯಾಪ್‌ಟಾಪನ್ನೂ ತಂದಿದ್ದರು. ಅವರದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲ ಅಲ್ಲೇ ತಯಾರಾಗುತ್ತವೆ. "ದಿನಾ ಆನ್ ಮಾಡಿದ್ರೆ ಏನೋ ಎಚ್ಚರಿಕೆ ತೋರ್ಸುತ್ತೆ ಕಣಪ್ಪ. ನೀನು ಯಾವಾಗ್ಲೂ ಹೇಳ್ತಿರ್ತೀಯಲ್ಲ, ಆ ಲಿನಕ್ಸ್ ಹಾಕ್ಬಿಡು" ಅಂದರು.

ಲಿನಕ್ಸ್ ಅಂದರೆ ವಿಂಡೋಸಿನ ಹಾಗೆಯೇ ಒಂದು ಓಎಸ್, ಇಡೀ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಹದಿನೈದು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಹಾಕಿಕೊಳ್ಳಿ ಎಂದು ಬೆನ್ನು ಬೀಳುವವನು ನಾನು. ಇಂಥ ಮಾತು ಭಾವನ ಬಾಯಿಂದಲೇ ಬಂದಾಗ ಕೈ ತುರಿಸದೆ ಇರುತ್ತದೆಯೇ? ಆದರೂ ಹಾಕಲಿಲ್ಲ. ಯಾಕೆಂದರೆ ಅವರ ಕೆಲಸವೆಲ್ಲ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ. ಆ ತಂತ್ರಾಂಶ 2001ರದು, ಆಮೇಲೆ ಅದಕ್ಕೆ ಹೊಸ ಆವೃತ್ತಿಯೇ ಬರಲಿಲ್ಲ. ಅದರೊಳಗೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕೂರಿಸಿದ ಇಪ್ಪತ್ತು ವರ್ಷದ ಫೈಲುಗಳಿವೆ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬುದನ್ನು ಹಾಕಿ ಅದನ್ನೂ ಓಡಿಸಬಹುದು ಎಂದು ಬಲ್ಲವರು ವಾದಿಸುತ್ತಾರೆ, ಗೊತ್ತು. ವೈಶಾಖದ ಲಗ್ನದ ಭರಾಟೆಯಲ್ಲಿ ಹೆಣ್ಣಿನ ತಂದೆ ಅಂಗಡಿಯಲ್ಲಿ ಕಾಯುತ್ತ ಕೂತಿರುವಾಗ ಅದು ಕೈಕೊಟ್ಟರೆ ನಾನು ಮತ್ತೆ ಅರಸೀಕೆರೆಗೆ ಕಾಲಿಡುವಂತಿಲ್ಲ.

ಗೂಟಕ್ಕೆ ಕಟ್ಟಿದ ಹಸು ಹಗ್ಗ ಎಳೆದಷ್ಟೇ ಮೇಯುವುದು. ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರಿಗೂ ಇಂಥದೊಂದು ಗೂಟ ಇರುತ್ತದೆ: ಒಂದು ತಂತ್ರಾಂಶ, ಒಂದು ಪ್ರಿಂಟರ್, ಯುಎಸ್‌ಬಿಗೆ ಚುಚ್ಚುವ ಒಂದು ಡಾಂಗಲ್, ಒಂದು ಆಟ. "ವಿಂಡೋಸ್ ಒಳ್ಳೆಯದೋ, ಮ್ಯಾಕೋ, ಲಿನಕ್ಸೋ?" ಎಂದು ಕೇಳುವ ಮುಂಚೆ ಆ ಗೂಟ ಯಾವುದೆಂದು ಹುಡುಕಿಕೊಂಡರೆ ಅರ್ಧ ಆಯ್ಕೆ ತಾನಾಗಿ ಮುಗಿಯುತ್ತದೆ. ಲೆಕ್ಕಪತ್ರವೆಲ್ಲ ಟ್ಯಾಲಿಪ್ರೈಮ್‌ನಲ್ಲಿದ್ದರೆ ನಿಮಗೆ ವಿಂಡೋಸ್ ಬೇಕು, ಅದು ವಿಂಡೋಸಿಗಾಗಿಯೇ ಬರುವ ತಂತ್ರಾಂಶ. ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿ ಟೆಂಡರ್ ಹಾಕುವವರಾದರೂ ವಿಂಡೋಸ್ ಬಿಡಬೇಡಿ. ಬೇರೆ ಕಡೆ ಅದನ್ನು ಹೊಂದಿಸಲು ಬರುವುದಿಲ್ಲ ಎಂದಲ್ಲ, ಕೊನೆಯ ದಿನ ಸಂಜೆ ಐದು ಗಂಟೆಗೆ ಹೊಂದಿಸುತ್ತ ಕೂರುವ ಪಾಡು ಬೇಡ ಅಂತ. ಬರೀ ಬ್ರೌಸರ್, ಮೇಲ್, ಯೂಟ್ಯೂಬ್, ನಾಲ್ಕು ಪತ್ರ ಬರೆಯುವ ಕೆಲಸವಿದ್ದರೆ ನಿಮಗೆ ಗೂಟವೇ ಇಲ್ಲ. ಭಾಗ್ಯವಂತರು, ಎಲ್ಲಿ ಬೇಕಾದರೂ ಮೇಯಬಹುದು.

ವಿಂಡೋಸ್ 10 ಇದ್ದವರ ಮುಂದಿರುವ ದಾರಿಗಳು

2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ಭಾವನ ಲ್ಯಾಪ್‌ಟಾಪ್ ತೋರಿಸುತ್ತಿದ್ದ ಎಚ್ಚರಿಕೆ ಅದೇ. ಬೆಂಬಲ ನಿಂತ ದಿನ ಯಂತ್ರವೇನೂ ಸಾಯುವುದಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದು ನಿಲ್ಲುತ್ತದೆ, ಅಷ್ಟೆ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಅಷ್ಟೂ ಹೆಚ್ಚೇ.

ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಟ್ಟಿತು, 2026ರ ಅಕ್ಟೋಬರ್ 13ರ ತನಕ. ದುಡ್ಡು ಕೊಟ್ಟೂ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಲು ಒಪ್ಪಿದರೆ ಪುಕ್ಕಟೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ಗೂಟ ಗಟ್ಟಿಯಾಗಿರುವವರಿಗೆ ಉಸಿರಾಡಲು ಇದೊಂದು ವಾಯಿದೆ.

ವಿಂಡೋಸ್ 11ಕ್ಕೆ ಹೋಗಲು ಯಂತ್ರ ಒಪ್ಪಬೇಕು. ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಎಂಬುದು ಕಾಗದದ ಮೇಲಿನ ಪಟ್ಟಿ. ನಿಜವಾಗಿ ಬಾಗಿಲು ಹಾಕುವುದು ಪ್ರೊಸೆಸರ್. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಆಮೇಲಿನದು ಬೇಕು, ಬೆರಳೆಣಿಕೆಯ ವಿನಾಯಿತಿಗಳನ್ನು ಬಿಟ್ಟರೆ. ನೋಡುವುದು ಸುಲಭ. ಐ5-7200ಯು ಎಂದಿದ್ದರೆ ಗೀಟಿನ ಮುಂದಿನ ಅಂಕಿ ಏಳು, ಬಾಗಿಲಾಚೆ. ಐ5-8250ಯು ಎಂದಿದ್ದರೆ ಎಂಟು, ಒಳಗೆ. ಅಲ್ಲಿ 10, 11 ಎಂದು ಶುರುವಾದರೆ ಅದು ಹತ್ತನೇ, ಹನ್ನೊಂದನೇ ತಲೆಮಾರು. ಒಂದನೇದಲ್ಲ, ಗಾಬರಿ ಬೇಡ. ಈ ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ತುರುಕುವ ಉಪಾಯಗಳಿವೆ. ನನ್ನ ಸ್ವಂತ ಯಂತ್ರದಲ್ಲಿ ಮಾಡಿದ್ದೇನೆ, ಬೇರೆಯವರಿಗೆ ಮಾಡಿಕೊಡುವುದಿಲ್ಲ. ಮುಂದೊಂದು ದಿನ ದೊಡ್ಡ ಅಪ್‌ಡೇಟ್ ನಿರಾಕರಿಸಿದರೆ ರಾತ್ರಿ ಹತ್ತಕ್ಕೆ ಫೋನ್ ಬರುವುದು ನನಗೇ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುವವರಿಗೆ ಈ ಒಂದು ಅಂಕಿಯೇ ದೊಡ್ಡ ಚೌಕಾಸಿ. ಥಿಂಕ್‌ಪ್ಯಾಡ್ ಟಿ470, ಟಿ480 ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡರಲ್ಲೂ ಹಿಂಬದಿಯ ಬ್ಯಾಟರಿ ಕಳಚಿ ಹಾಕಬಹುದು, ಟೈಪ್-ಸಿ ಚಾರ್ಜರ್ ಹಿಡಿಯುತ್ತದೆ, ರ‍್ಯಾಮ್ ಬದಲಿಸಬಹುದು. ಆದರೆ ಟಿ470 ಆರನೇ-ಏಳನೇ ತಲೆಮಾರು, ಟಿ480 ಎಂಟನೇ ತಲೆಮಾರಿನಲ್ಲಿ ಸಿಗುತ್ತದೆ. ವಿಂಡೋಸ್ ಬೇಕಾದವರು ಟಿ480 ಹುಡುಕಿ. ಲಿನಕ್ಸ್ ಹಾಕುವವರು ಟಿ470 ತೋರಿಸಿ, "ಇದಕ್ಕೆ ಹನ್ನೊಂದು ಬರಲ್ವಲ್ಲ" ಎಂದು ಮುಖ ಸಪ್ಪಗೆ ಮಾಡಿಕೊಂಡು ಬೆಲೆ ಇಳಿಸಿಕೊಳ್ಳಿ.

ಓಎಸ್ ಬದಲಿಸುವ ಮುಂಚೆ ಇನ್ನೊಂದು ಮಾತು. ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದಾಗ ಆಗುವ ವ್ಯತ್ಯಾಸ ಯಾವ ಓಎಸ್ ಬದಲಿಸಿದರೂ ಆಗುವುದಿಲ್ಲ. "ನಿಧಾನ" ಎಂದು ನನ್ನ ಬಳಿ ಬಂದ ಎಷ್ಟೋ ಯಂತ್ರಗಳಿಗೆ ಬೇಕಾಗಿದ್ದುದು ಅದೊಂದೇ ಚಿಕಿತ್ಸೆ. ಇದಕ್ಕೆ ವಿರುದ್ಧದ ಪಾಠವನ್ನೂ ಕಲಿತಿದ್ದೇನೆ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ತೆಳ್ಳಗಿನ ಲ್ಯಾಪ್‌ಟಾಪೊಂದನ್ನು ಕೊಂಡೆ. ಬಿಚ್ಚಿ ನೋಡಿದರೆ 4 ಜಿಬಿ ರ‍್ಯಾಮೂ ಡಿಸ್ಕೂ ಎರಡೂ ಬೋರ್ಡಿಗೇ ಬೆಸುಗೆ. ಈಗ ಅದು ಅಡುಗೆಮನೆಯಲ್ಲಿ ಹಳೆಯ ಹಾಡು ಹಾಡುತ್ತಿದೆ.

ಲಿನಕ್ಸ್: ಎಲ್ಲಿ ಸಲೀಸು, ಎಲ್ಲಿ ಮುಳ್ಳು

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಶುರುಮಾಡಿದ ಕರ್ನಲ್ (ಓಎಸ್‌ನ ತಿರುಳು) ಇಂದು ಆಂಡ್ರಾಯ್ಡ್ ಫೋನಿನೊಳಗೂ ಇದೆ. ಹಾಗಾಗಿ ಲಿನಕ್ಸ್ ಬಳಸಿಲ್ಲ ಎನ್ನುವವರ ಜೇಬಿನಲ್ಲೂ ಲಿನಕ್ಸ್ ಇರುತ್ತದೆ. ಮೇಜಿನ ಮೇಲಿನ ಲಿನಕ್ಸ್‌ಗೆ ನೂರು ಹೆಸರು. ಹೊಸಬರಿಗೆ ನಾನು ಹೇಳುವುದು ಒಂದೇ: ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ವಿಂಡೋಸ್ 7ರ ಕೈ ಇದ್ದವರಿಗೆ ಪರಕೀಯ ಅನ್ನಿಸುವುದಿಲ್ಲ. 2024ರಲ್ಲಿ ಬಂದ ಮಿಂಟ್ 22 ಸರಣಿಗೆ 2029ರ ತನಕ ಬೆಂಬಲವಿದೆ. 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 8 ಇದ್ದರೆ ಓಡುತ್ತದೆ. ಉಬುಂಟು ಕೂಡ ಚೆನ್ನಾಗಿಯೇ ಇದೆ, ಆದರೆ ಅದರ ಪರದೆಯ ವಿನ್ಯಾಸ ನಮ್ಮ ಮನೆಯ ಹಿರಿಯರಿಗೆ ಒಗ್ಗಲಿಲ್ಲ. 32-ಬಿಟ್ ಪ್ರೊಸೆಸರಿನ ಹಳೆಯ ನೆಟ್‌ಬುಕ್ ಇಟ್ಟುಕೊಂಡವರಿಗೆ ಮಾತ್ರ ಜಾಗ ಕಿರಿದಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿತು.

ಮುಳ್ಳುಗಳ ವಿಷಯ ಮುಚ್ಚಿಡುವುದಿಲ್ಲ. ಮೊದಲನೆಯದು ಪ್ರಿಂಟರ್. ನಮ್ಮ ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ತನ್ನದೇ ಖಾಸಗಿ ಭಾಷೆ ಮಾತಾಡುತ್ತದೆ, ಲಿನಕ್ಸ್‌ನಲ್ಲಿ ಅದನ್ನು ಒಲಿಸಿಕೊಳ್ಳುವುದು ಒಂದು ಭಾನುವಾರದ ಕೆಲಸ. ಎಚ್‌ಪಿಯ 1020 ಅಷ್ಟು ಹಟಮಾರಿಯಲ್ಲ, ಒಂದು ಹೆಚ್ಚುವರಿ ಪ್ಲಗಿನ್ ಹಾಕಿದರೆ ಮುದ್ರಿಸುತ್ತದೆ. ವೈಫೈ ಇರುವ ಈಚಿನ ಪ್ರಿಂಟರುಗಳು ಸಾಮಾನ್ಯವಾಗಿ ತಾವೇ ಪತ್ತೆಯಾಗುತ್ತವೆ. ಎರಡನೆಯದು ಬೆರಳಚ್ಚಿನ ಲಾಗಿನ್, ಬಹಳ ಮಾದರಿಗಳಲ್ಲಿ ಅದರ ಆಸೆ ಬಿಡಬೇಕು. ಮೂರನೆಯದು ಅಡೋಬಿಯ ತಂತ್ರಾಂಶಗಳು. ಫೋಟೋಶಾಪ್ ಇಲ್ಲಿಗೆ ಬರುವುದಿಲ್ಲ. ಅದರ ಬದಲು ಜಿಂಪ್ ಇದೆಯಲ್ಲ ಎಂದು ಫೋಟೋ ಸ್ಟುಡಿಯೋದವರಿಗೆ ಹೇಳಿ ನಾನೊಮ್ಮೆ ನಗೆಪಾಟಲಾಗಿದ್ದೇನೆ.

ಸಲೀಸು ಎಲ್ಲಿ ಅಂದರೆ, ಉಳಿದದ್ದರಲ್ಲಿ. ಕ್ರೋಮ್, ಫೈರ್‌ಫಾಕ್ಸ್, ಝೂಮ್, ವಿಎಲ್‌ಸಿ, ಲಿಬ್ರೆಆಫೀಸ್ ಎಲ್ಲ ಇದೆ. ಕೆಲಸ ನಡುವೆ ನಿಲ್ಲಿಸಿ ಅಪ್‌ಡೇಟ್ ಮಾಡುವ ಹಟವಿಲ್ಲ. ನಿವೃತ್ತ ಮೇಷ್ಟ್ರು ನಮ್ಮ ಚಿಕ್ಕಪ್ಪ ನಾಲ್ಕು ವರ್ಷದಿಂದ ಮಿಂಟ್ ಬಳಸುತ್ತಿದ್ದಾರೆ. ಅದಕ್ಕೆ ಮಿಂಟ್ ಎಂದು ಹೆಸರಿರುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕನ್ನಡ ಟೈಪಿಸುವವರ ಗೂಟ

ಬೇರೆ ಭಾಷೆಯ ಹೋಲಿಕೆಗಳಲ್ಲಿ ಇದು ಬರುವುದೇ ಇಲ್ಲ, ನಮಗೋ ಇದೇ ಮುಖ್ಯ. ಪ್ರಶ್ನೆ ಅಕ್ಷರ ಕಾಣುತ್ತದೆಯೇ ಎಂಬುದಲ್ಲ. ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿರುವ ಕನ್ನಡವನ್ನು ಇಂದು ಎಲ್ಲ ಓಎಸ್‌ಗಳೂ ಸರಿಯಾಗಿ ತೋರಿಸುತ್ತವೆ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ, ಮ್ಯಾಕ್‌ನಲ್ಲಿ ಕನ್ನಡ ಸಂಗಂ, ಲಿನಕ್ಸ್‌ನಲ್ಲಿ ನೋಟೋ, ಲೋಹಿತ್, ನವಿಲು. ಪ್ರಶ್ನೆ ನಿಮ್ಮ ಬೆರಳಿನದು.

ನಮ್ಮಲ್ಲಿ ಮೂರು ಪಂಗಡ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ ಕಲಿತವರು, ಇಂಗ್ಲಿಷ್ ಉಚ್ಚಾರದಲ್ಲಿ ಹೊಡೆದು ಕನ್ನಡ ಪಡೆಯುವವರು, ಮತ್ತು ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ, ಅಂದರೆ ನುಡಿಯಲ್ಲಿ, ಎಫ್ ಒತ್ತಿ ಒತ್ತಕ್ಷರ ಕೊಡುವವರು. ಇನ್‌ಸ್ಕ್ರಿಪ್ಟ್‌ನವರಿಗೆ ಎಲ್ಲ ಓಎಸ್‌ಗಳೂ ತವರುಮನೆ. ಉಚ್ಚಾರದವರಿಗೆ 2019ರಿಂದ ವಿಂಡೋಸಿನೊಳಗೇ ಕನ್ನಡ ಫೋನೆಟಿಕ್ ಕೀಲಿಮಣೆ ಇದೆ, ಆದರೆ ಬರಹ ಎಂಬ ತಂತ್ರಾಂಶದಲ್ಲಿ ಕಲಿತ ಕೈಗೆ ಅದರ ನಿಯಮ ಸ್ವಲ್ಪ ಎಡವುತ್ತದೆ. ನುಡಿಯವರು ವಿಂಡೋಸಿನಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನೇ ಹಾಕಿಕೊಳ್ಳುತ್ತಾರೆ.

ಲಿನಕ್ಸ್‌ನಲ್ಲಿ ನುಡಿ ತಂತ್ರಾಂಶ ಬೇಕಿಲ್ಲ. ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿದರೆ ಕೆಜಿಪಿ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ಸಿಗುತ್ತದೆ, ಜೊತೆಗೆ ಉಚ್ಚಾರದವರ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎರಡೂ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. "ಲಿನಕ್ಸ್‌ನಲ್ಲಿ ನುಡಿ ಬರಲ್ಲ" ಎಂದು ಬಿಟ್ಟುಬಿಟ್ಟವರನ್ನು ಕೂರಿಸಿ, ಎರಡು ನಿಮಿಷದಲ್ಲಿ ತೋರಿಸಿದ್ದೇನೆ. ಮ್ಯಾಕ್ ಕೊಳ್ಳುವ ನುಡಿಯವರು ಮಾತ್ರ ಅಂಗಡಿಯಲ್ಲೇ ಒಂದು ಪ್ಯಾರಾ ಹೊಡೆದು ನೋಡಿ. ಬೆರಳು ನಿಂತಲ್ಲೇ ನಿಂತರೆ ಬೇರೆ ಲೇಔಟ್ ಹುಡುಕಿ ಹಾಕಿಕೊಳ್ಳಬೇಕಾಗುತ್ತದೆ.

ಇನ್ನು ಭಾವನಂಥವರ ಸಮಸ್ಯೆ ಇನ್ನೂ ಆಳದ್ದು. ಅವರ ಹಳೆಯ ಫೈಲುಗಳಲ್ಲಿರುವುದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ತೆಗೆದರೆ "ನ" ಇದ್ದಲ್ಲೆಲ್ಲ ಪೌಂಡಿನ ಚಿಹ್ನೆ ಇಣುಕುತ್ತದೆ. ಕನ್ನಡವನ್ನು ಹುಡುಕಲೂ ಆಗದು, ಮೊಬೈಲಿಗೆ ಕಳಿಸಲೂ ಆಗದು. ಅಂಥ ಫೈಲು ನಿಮ್ಮಲ್ಲಿದ್ದರೆ ಓಎಸ್ ಬದಲಿಸುವ ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ. ನುಡಿಯ ಹೊಸ ಆವೃತ್ತಿಗಳಲ್ಲೇ ಅದಕ್ಕೆ ಪರಿವರ್ತಕ ಇದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಹೆಚ್ಚಾಗಿ ಎಡವುವುದು ಅಲ್ಲೇ.

ಮ್ಯಾಕ್, ಕ್ರೋಮ್‌ಬುಕ್

ಮ್ಯಾಕ್ ಬಗ್ಗೆ ನಾನು ವರ್ಷಗಟ್ಟಲೆ ಮೂಗು ಮುರಿದವನು. 2020ರ ನವೆಂಬರಿನಲ್ಲಿ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂದ ಮೇಲೆ ಬಾಯಿ ಮುಚ್ಚಿಕೊಂಡೆ. ಫ್ಯಾನೇ ಇಲ್ಲ, ತೊಡೆ ಸುಡುವುದಿಲ್ಲ, ಬೆಳಗ್ಗೆ ಕರೆಂಟ್ ಹೋದರೆ ಸಂಜೆಯ ತನಕ ಚಾರ್ಜರ್ ನೆನಪಾಗುವುದಿಲ್ಲ. 2025ರ ಮಾರ್ಚಿನ ಎಂ4 ಏರ್ 16 ಜಿಬಿಯಿಂದಲೇ ಶುರುವಾಯಿತು, ಆಗ ಇಲ್ಲಿನ ಬೆಲೆ 99,900 ರೂಪಾಯಿ ಇತ್ತು. ಮೆಮೊರಿಯನ್ನು ಆಮೇಲೆ ಏರಿಸಲು ಬರುವುದಿಲ್ಲವಾದ್ದರಿಂದ 8 ಜಿಬಿಯ ಹಳೆಯ ಏರ್ ಅಗ್ಗಕ್ಕೆ ಸಿಕ್ಕರೂ ಎರಡು ಸಲ ಯೋಚಿಸಿ. ಇಂಟೆಲ್ ಚಿಪ್ಪಿನ ಮ್ಯಾಕನ್ನಂತೂ ಈಗ ಕೊಳ್ಳಲೇಬೇಡಿ. 2025ರ ಸೆಪ್ಟೆಂಬರಿನಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಅವುಗಳ ಪಾಲಿಗೆ ಕೊನೆಯದು, ಅದೂ ಕೆಲವೇ ಮಾದರಿಗಳಿಗೆ.

ಗೂಗಲ್‌ನ ಕ್ರೋಮ್‌ಓಎಸ್ ಓಡುವ ಲ್ಯಾಪ್‌ಟಾಪಾದ ಕ್ರೋಮ್‌ಬುಕ್ ಬಗ್ಗೆ ಹೇಳುವುದು ಕಡಿಮೆ. ಶಾಲೆಯ ಮಕ್ಕಳಿಗೆ, ಎಲ್ಲವನ್ನೂ ಬ್ರೌಸರಿನಲ್ಲೇ ಮಾಡುವವರಿಗೆ ಸಾಕು. 2021ರಿಂದೀಚೆಗೆ ಬಂದ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಎಂದು ಗೂಗಲ್ ಹೇಳಿದೆ. ಆ ಹತ್ತು ವರ್ಷ ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಬಂದಾಗಿನಿಂದ. ಡಬ್ಬಿಯ ಮೇಲಿನ ಮಾದರಿ ನೋಡಿ ದಿನಾಂಕ ಹುಡುಕಿ. ಹಳೆಯ ಲ್ಯಾಪ್‌ಟಾಪಿಗೆ ಹಾಕುವ ಕ್ರೋಮ್‌ಓಎಸ್ ಫ್ಲೆಕ್ಸ್ ಕೂಡ ಇದೆ, ಆದರೆ ಅದರಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು ನಡೆಯುವುದಿಲ್ಲ. ಅಷ್ಟಕ್ಕೆ ಮಿಂಟ್ ಹಾಕುವುದೇ ಮೇಲು ಎನ್ನುವುದು ನನ್ನ ಪಕ್ಷಪಾತ.

ಬ್ಯಾಗಿಗೆ, ಕೈಗೆ, ಜೇಬಿಗೆ

ಹೊಸ ಯಂತ್ರಗಳಲ್ಲಿ ಕಣ್ಣು ಸೆಳೆಯುವುದು ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳು. 2024ರ ಜೂನಿನಲ್ಲಿ ಅಂಗಡಿಗೆ ಬಂದವು. ಫೋನಿನ ಜಾತಿಯ ಆರ್ಮ್ ಚಿಪ್, ಹಾಗಾಗಿ ಬ್ಯಾಟರಿ ಬಾಳಿಕೆ ಒಳ್ಳೆಯದು. ಹಳೆಯ ವಿಂಡೋಸ್ ತಂತ್ರಾಂಶಗಳನ್ನು ಅದು ಒಳಗೊಳಗೇ ಅನುವಾದ ಮಾಡಿ ಓಡಿಸುತ್ತದೆ, ಹೆಚ್ಚಿನವು ಓಡುತ್ತವೆ. ಆದರೆ ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳಿಗೆ ಈ ಅನುವಾದ ಇಲ್ಲ. ಆ ಯಂತ್ರಕ್ಕೆಂದೇ ಬರೆದ ಡ್ರೈವರ್ ಇಲ್ಲದಿದ್ದರೆ ನಿಮ್ಮ ಹಳೆಯ ಪ್ರಿಂಟರ್, ಸ್ಕ್ಯಾನರ್, ಡಾಂಗಲ್ ಅಲ್ಲೇ ನಿಂತವು. ವಿಂಡೋಸ್ ಎಂದು ನಂಬಿ ಕೊಂಡು, ಲಿನಕ್ಸ್‌ನವರ ಪಾಡು ಪಡುವುದು ಅಂದರೆ ಇದೇ. ಊರೂರು ತಿರುಗುವ ಬರಹಗಾರರಿಗೆ ಚೆನ್ನ, ಆಡಿಟರ್ ಕಚೇರಿಗೆ ಬೇಡ.

ಟ್ಯಾಬ್ಲೆಟ್‌ಗೆ ಕೀಬೋರ್ಡ್ ಸಿಕ್ಕಿಸಿ ಲ್ಯಾಪ್‌ಟಾಪ್ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. 2025ರ ಐಪ್ಯಾಡ್‌ಓಎಸ್ 26ರಲ್ಲಿ ಕಿಟಕಿಗಳನ್ನು ಬೇಕಾದಂತೆ ಎಳೆದು ಜೋಡಿಸಬಹುದು, ಮೊದಲಿಗಿಂತ ಎಷ್ಟೋ ವಾಸಿ. ಓದುವುದಕ್ಕೆ, ಚಿತ್ರ ಬಿಡಿಸುವುದಕ್ಕೆ, ಪಿಡಿಎಫ್ ಮೇಲೆ ಗುರುತು ಹಾಕುವುದಕ್ಕೆ ಅದರ ಸಮ ಇನ್ನೊಂದಿಲ್ಲ. ಆದರೆ ಟ್ಯಾಬ್ಲೆಟ್, ಕೀಬೋರ್ಡ್, ಪೆನ್ ಮೂರರ ಬೆಲೆ ಕೂಡಿಸಿ ನೋಡಿ. ಕೂಡಿಸಿದ ಮೇಲೆ ಬಹಳ ಜನ ಲ್ಯಾಪ್‌ಟಾಪ್ ಸಾಲಿಗೆ ವಾಪಸ್ ಬರುತ್ತಾರೆ.

ಆಟದವರಿಗೆ ಕೈಯಲ್ಲಿ ಹಿಡಿಯುವ ಕಂಪ್ಯೂಟರುಗಳು ಬಂದಿವೆ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರ ಫೆಬ್ರುವರಿಯಲ್ಲಿ ಹೊರಬಂತು. ಒಳಗಿರುವುದು ಆರ್ಚ್ ಲಿನಕ್ಸ್ ಆಧಾರದ ಸ್ಟೀಮ್‌ಓಎಸ್. ವಿಂಡೋಸಿಗೆಂದು ಮಾಡಿದ ಆಟಗಳನ್ನು ಪ್ರೋಟಾನ್ ಎಂಬ ಪದರ ಲಿನಕ್ಸ್‌ನಲ್ಲಿ ಆಡಿಸುತ್ತದೆ. ಗುಂಡಿ ಒತ್ತಿದರೆ ಆಟ ಮಲಗುತ್ತದೆ, ಮತ್ತೆ ಒತ್ತಿದರೆ ನಿಂತಲ್ಲಿಂದಲೇ ಏಳುತ್ತದೆ. ಮೆನುವಿನಲ್ಲಿ ಆರಿಸಿದರೆ ಪೂರಾ ಡೆಸ್ಕ್‌ಟಾಪ್! ಹವ್ಯಾಸಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೇ? ತೊಡಕೇನೆಂದರೆ ಅದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ. ಹೊರಗಿಂದ ತರಿಸಿದವರಿಗೆ ಇಲ್ಲಿ ವಾರಂಟಿ ಸಿಗುವುದಿಲ್ಲ. ಆಸುಸ್‌ನ ಆರ್‌ಓಜಿ ಅಲೈ ಇಲ್ಲಿಯೇ ಸಿಗುತ್ತದೆ, ವಿಂಡೋಸ್ 11 ಇದೆ, ಬಲವೂ ಹೆಚ್ಚು. ಆದರೆ ಏಳು ಇಂಚಿನ ಪರದೆಯಲ್ಲಿ ವಿಂಡೋಸಿನ ಪುಟ್ಟ ಗುರುತುಗಳನ್ನು ಹೆಬ್ಬೆರಳಿನಿಂದ ಒತ್ತುವುದು ರಾಗಿ ಕಾಳು ಹೆಕ್ಕಿದಂತೆ. ಇಲ್ಲೂ ಗೂಟ ನೋಡಿ: ನಿಮ್ಮ ಮಗ ಆಡುವುದು ವಾಲರಂಟ್ ಆದರೆ ಅದರ ಮೋಸ ತಡೆಯುವ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುವುದೇ ಇಲ್ಲ. ಸ್ಟೀಮ್ ಡೆಕ್ ತಂದುಕೊಟ್ಟರೂ ಮುಖ ಊದಿಸಿಕೊಂಡೇ ಇರುತ್ತಾನೆ.

ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರ ಅಂದಾಗಲೆಲ್ಲ ನನಗೆ ನೆನಪಾಗುವುದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್ಕೋರ್ ಕಂಪನಿಯವರೂ ಸೇರಿ ರೂಪಿಸಿದ್ದು. 2001ರಲ್ಲೇ ಮಾದರಿ ಸಿದ್ಧವಾಗಿತ್ತು. ಲಿನಕ್ಸ್ ಓಡುತ್ತಿತ್ತು, ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿ ಇತ್ತು, ಹಳ್ಳಿಯವರು ಒಂದೇ ಯಂತ್ರವನ್ನು ಹಂಚಿಕೊಳ್ಳಲಿ ಎಂಬ ಉದ್ದೇಶ. 2004ರಲ್ಲಿ ಅಮಿಡಾ ಸಿಂಪ್ಯೂಟರ್ ಮಾರಾಟಕ್ಕೆ ಬಂದಾಗ ಕೈ ಅಲ್ಲಾಡಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು. ಹೋಲಿಕೆಗೆ ಇದು ಸಂಬಂಧವಿಲ್ಲ, ಬಿಡಿ. ಆದರೆ ಬೆಂಗಳೂರಿನವನಾಗಿ ಸ್ಟೀಮ್ ಡೆಕ್ ಹಿಡಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಹಾಕುವ ಮೊದಲು ಒಂದು ಗಂಟೆ

ಲಿನಕ್ಸ್ ಕಡೆ ಮನಸ್ಸು ಹೊರಳಿದ್ದರೆ ಒಂದು 8 ಜಿಬಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ರುಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶದಿಂದ ಅದಕ್ಕೆ ಮಿಂಟ್ ತುಂಬಿ, ಅದರಿಂದಲೇ ಕಂಪ್ಯೂಟರ್ ಶುರುಮಾಡಿ, ಅಂದರೆ ಬೂಟ್ ಮಾಡಿ. ಡಿಸ್ಕ್ ಮುಟ್ಟದೆ ಎಲ್ಲವನ್ನೂ ನೋಡಬಹುದು. ವೈಫೈ ಹಿಡಿಯಿತೇ? ಕ್ಯಾಮೆರಾ, ಸ್ಪೀಕರ್, ಮೈಕು ಸರಿಯೇ? ಪ್ರಿಂಟರಿನಿಂದ ಒಂದು ಹಾಳೆ ಬಂತೇ? ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆದರೆ ಎಚ್ಚರವಾಯಿತೇ? ಈ ಕೊನೆಯದನ್ನು ಯಾರೂ ನೋಡುವುದಿಲ್ಲ, ಆಮೇಲೆ ದಿನಾ ಬೈದುಕೊಳ್ಳುವುದು ಇದಕ್ಕೇ.

ವಿಂಡೋಸ್ ಪಕ್ಕದಲ್ಲೇ ಇಟ್ಟುಕೊಳ್ಳುವವರು ಅದರ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಗಮನಿಸಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ನಿಮಗೆ ಗೊತ್ತಿಲ್ಲದೆಯೇ ಬೀಗ ಹಾಕಿಕೊಂಡಿರಬಹುದು. ಬೂಟ್ ಸೆಟ್ಟಿಂಗ್ ಬದಲಿಸಿದ ಕೂಡಲೇ ಅದು 48 ಅಂಕಿಯ ಕೀಲಿ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಆ ಅಂಕಿಗಳನ್ನು ಮೊದಲೇ ತೆಗೆದು ಕಾಗದದಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪಿನೊಳಗೆ ಬರೆದಿಟ್ಟವರನ್ನು ನಾನು ಕಂಡಿದ್ದೇನೆ.

ಭಾವನ ಲ್ಯಾಪ್‌ಟಾಪಿಗೆ ಕೊನೆಗೆ ಒಂದು ಎಸ್‌ಎಸ್‌ಡಿ ಹಾಕಿ, ಆ ಒಂದು ವರ್ಷದ ಅಪ್‌ಡೇಟಿಗೆ ಹೆಸರು ನೋಂದಾಯಿಸಿ, ನುಡಿಯ ಪರಿವರ್ತಕ ಕೂರಿಸಿ ಕಳಿಸಿದೆ. ಲಗ್ನಪತ್ರಿಕೆಗಳನ್ನು ಹಳೆಯದರಿಂದ ಶುರುಮಾಡಿ ಒಂದೊಂದೇ ಯೂನಿಕೋಡ್‌ಗೆ ತರುತ್ತಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು, 2009ರ ತನಕ ಮುಗಿದಿದೆಯಂತೆ. ನನ್ನ ಮದುವೆಯ ಕಾರ್ಡಿನಲ್ಲಿ ಮುಹೂರ್ತದ ಗಳಿಗೆ ತಪ್ಪು ಅಚ್ಚಾಗಿದ್ದು ಈಗ ಗೊತ್ತಾಯಿತಂತೆ.